ನಮ್ಮ ಹುಡುಗನಿಗೆ ಶಿಕ್ಷೆಯಾಗಲಿ, ಆದರೆ ಠಾಣೆಯವರು ಬರೆದು ಕೊಡಲಿ: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ರಜೆಯ ಮೇಲೆ ಊರಿಗೆ ಬಂದ ಸೈನಿಕರನ್ನು ಠಾಣೆಗೆ ಕರೆದೊಯ್ದಾಗ ಅವರ ಯೂನಿಟ್‌ಗೆ ಲಿಖಿತವಾಗಿ ತಿಳಿಸುವ ಬಗ್ಗೆ.

ಸ್ವಾಮಿ,

ನಾನು ಸೇನೆಯಲ್ಲಿ ಹವಾಲ್ದಾರನಾಗಿ ದುಡಿದು ನಿವೃತ್ತನಾದವನು. ಮಾಜಿ ಸೈನಿಕನ ಪತ್ರ ಎಂದ ಕೂಡಲೇ ತಮ್ಮ ಕಚೇರಿಯವರು ಇದನ್ನು ಯಾವ ಫೈಲಿಗೆ ಸೇರಿಸುತ್ತಾರೆ ಅನ್ನುವುದು ನನಗೆ ಗೊತ್ತಿದೆ. ಒಂದೋ ಜಮೀನು ಮಂಜೂರಾತಿ, ಇಲ್ಲವೇ ಬಂದೂಕಿನ ಲೈಸೆನ್ಸ್. ದಯವಿಟ್ಟು ಆ ಎರಡು ಫೈಲಿಗೂ ಹಾಕಿಸಬೇಡಿ. ನನ್ನ ಅಣ್ಣನ ಮಗ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಜತೆ ಜಗಳಕ್ಕೆ ಬಿದ್ದು ಅವರ ಲಾಠಿಗೆ ಕೈ ಹಾಕಿದ. ಅದಕ್ಕೆ ಅವನಿಗೆ ಶಿಕ್ಷೆಯಾಗಬೇಕಿತ್ತು. ಇವತ್ತಿನವರೆಗೂ ಆಗಿಲ್ಲ. ಆಗಿರುವುದು ಬೇರೆಯದೇ ಶಿಕ್ಷೆ, ಅವನು ಮಾಡದ ತಪ್ಪಿಗೆ. ತಮ್ಮ ಇಲಾಖೆಯ ಒಂದು ಠಾಣೆ ಬರೆಯಬೇಕಾಗಿದ್ದ ಕಾಗದವನ್ನು ಬರೆಯಲಿಲ್ಲ, ಬರೆಯಬಾರದ ಕಾಗದವನ್ನು ಸೀಲ್ ಹಾಕಿ ಬರೆಯಿತು. ಈ ಪತ್ರ ಅದಕ್ಕಾಗಿ.

ನಾನು ಕೇಳುವುದು ಒಂದೇ ಒಂದು ಸುತ್ತೋಲೆ. ಒಂದು ಪುಟ ಸಾಕು. ಸಮವಸ್ತ್ರದ ನೌಕರಿಯಲ್ಲಿರುವ ಯಾವನನ್ನೇ ಆಗಲಿ ಠಾಣೆಗೆ ಕರೆತಂದರೆ ಅದೇ ಗಂಟೆಯಲ್ಲಿ ಡೈರಿಯಲ್ಲಿ ಬರೆಯಬೇಕು, ಅವನ ಯೂನಿಟ್‌ಗೂ ಹತ್ತಿರದ ಮಿಲಿಟರಿ ಸ್ಟೇಷನ್‌ಗೂ ಲಿಖಿತವಾಗಿ ತಿಳಿಸಬೇಕು, ಅವನಿಂದ ತೆಗೆದುಕೊಂಡ ಪ್ರತಿ ವಸ್ತುವಿಗೂ ರಶೀದಿ ಕೊಡಬೇಕು. ಹೊಸ ಕಾನೂನು ಬೇಡ, ಹೊಸ ಹುದ್ದೆ ಬೇಡ, ಸದನದಲ್ಲಿ ಚರ್ಚೆಯೂ ಬೇಡ.

ನಡೆದದ್ದು ಹೇಳುತ್ತೇನೆ. ಠಾಣೆಯ ಹೆಸರು, ಹುಡುಗನ ಹೆಸರು ಎರಡನ್ನೂ ಇಲ್ಲಿ ಬರೆಯುವುದಿಲ್ಲ. ತಮ್ಮ ಕಚೇರಿಗೆ ಹಿಂದೆ ಕೊಟ್ಟ ಅರ್ಜಿಗಳಲ್ಲಿ ಎಲ್ಲವೂ ಇದೆ, ಯಾರಾದರೂ ಬಿಚ್ಚಿ ನೋಡಿದ್ದರೆ.

ಹುಡುಗ ಅಗ್ನಿವೀರ. ಮೂರನೇ ವರ್ಷದ ನೌಕರಿ. ರಜೆ ಹಾಕಿ ಊರ ಜಾತ್ರೆಗೆ ಬಂದಿದ್ದ. ತೇರು ಎಳೆಯುವ ದಿನ ಸಂಜೆ ಹೊತ್ತಿಗೆ ಗುಡಿಯ ಹಿಂದಿನ ಓಣಿಯಲ್ಲಿ ಬೈಕ್ ನಿಲ್ಲಿಸಿದ್ದಾನೆ. ಅಲ್ಲಿ ನಿಲ್ಲಿಸಬಾರದಿತ್ತು, ಹಗ್ಗ ಕಟ್ಟಿದ್ದರು. ಬಂದೋಬಸ್ತಿನ ಕಾನ್‌ಸ್ಟೆಬಲ್ ಬಂದು ಎರಡೂ ಟೈರಿನ ಗಾಳಿ ಬಿಟ್ಟು ಚಾವಿ ಕಿತ್ತುಕೊಂಡರು. ಇವನು ಐ-ಕಾರ್ಡ್ ತೋರಿಸಿದ. ಅದನ್ನು ತೋರಿಸುವ ಅಗತ್ಯವೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಗ್ಗದೊಳಗೆ ಬೈಕ್ ನಿಲ್ಲಿಸಿದವನು ದಂಡ ಕಟ್ಟಬೇಕು, ಅದಕ್ಕೆ ಐ-ಕಾರ್ಡ್ ಯಾಕೆ? ಆದರೆ ಹರೆಯದ ಹುಡುಗ, ಓಣಿಯ ಮಂದಿ ನೋಡುತ್ತಿದ್ದರು. "ನಿನ್ನ ಮಿಲ್ಟ್ರಿ ಗತ್ತು ಬಾರ್ಡರ್‌ದಾಗ ತೋರಸು, ಇಲ್ಲಿ ನಂದ ನಡೀತೈತಿ" ಎಂದರಂತೆ ಕಾನ್‌ಸ್ಟೆಬಲ್. ಮಾತಿಗೆ ಮಾತು ಬೆಳೆಯಿತು. ಲಾಠಿ ಎದೆಗೆ ತಾಗಿತು, ಇವನು ಲಾಠಿ ಹಿಡಿದುಕೊಂಡ, ಎಳೆದಾಟದಲ್ಲಿ ಕಾನ್‌ಸ್ಟೆಬಲ್ ಟೋಪಿ ಕೆಳಗೆ ಬಿತ್ತು.

ಟೋಪಿ ಬಿದ್ದ ಮೇಲೆ ಆಗುವುದು ಏನೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಹಳೆಯ ಐಪಿಸಿಯ 353, ಈಗಿನ ಭಾರತೀಯ ನ್ಯಾಯ ಸಂಹಿತೆಯ 132. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ. ಹಾಕಬೇಕಾಗಿತ್ತು, ಹಾಕಿದ್ದರೆ ನಾನೇ ಜಾಮೀನಿಗೆ ಓಡಾಡುತ್ತಿದ್ದೆ, ಯಾರ ಮೇಲೂ ಸಿಟ್ಟು ಇರುತ್ತಿರಲಿಲ್ಲ. ಹಾಕಲಿಲ್ಲ. ಠಾಣೆಗೆ ಕರೆದೊಯ್ದರು, ಅಂಗಿ ಬಿಚ್ಚಿಸಿ ಮೂಲೆಯಲ್ಲಿ ಕೂರಿಸಿದರು, ರಾತ್ರಿಯಿಡೀ ಬಂದವರು ಹೋದವರೆಲ್ಲ ಒಂದೊಂದು ಕೊಟ್ಟು ಹೋದರು. ಬಂಧನದ ಮೆಮೊ ಇಲ್ಲ, ವೈದ್ಯಕೀಯ ತಪಾಸಣೆ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ನಾನು, ನಮ್ಮ ವೈನಿ (ಅತ್ತಿಗೆ), ಅವಳ ತಮ್ಮ. "ಸಾಹೇಬ್ರು ಬಂದೋಬಸ್ತ್‌ನ್ಯಾಗ ಅದಾರ, ಬಂದ ಮ್ಯಾಗ ನೋಡೂಣು" ಅನ್ನುತ್ತಿದ್ದರು ಠಾಣೆಯ ಕಾಗದಪತ್ರ ಬರೆಯುವ ರೈಟರ್. ನಾನು ಹೇಳಿದೆ: "ಸಾಹೇಬ್ರ, ಹುಡುಗ ತಪ್ಪು ಮಾಡ್ಯಾನ. ಎಫ್‌ಐಆರ್ ಮಾಡ್ರಿ, ಇಲ್ಲಾ ಯೂನಿಟ್‌ಗೆ ಫೋನ್ ಮಾಡ್ರಿ, ನಂಬರ್ ನಾ ಕೊಡತೀನಿ." ಅವರು ನಕ್ಕರು. "ಎಫ್‌ಐಆರ್ ಮಾಡಿದ್ರ ಹುಡುಗನ ನೌಕ್ರಿ ಹೋಗತೈತಿ ಕಾಕಾ, ನಾವ ಉಪಕಾರ ಮಾಡಾಕತ್ತೀವಿ" ಎಂದರು.

ಆ ಉಪಕಾರದ ಕಥೆಯೇ ಮುಂದಿನದು.

ಮರುದಿನ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಮುಚ್ಚಳಿಕೆಯ ಪ್ರತಿ ಕೊಡಲಿಲ್ಲ. ಮೊಬೈಲ್, ಐ-ಕಾರ್ಡ್, ರಜೆಯ ಸರ್ಟಿಫಿಕೇಟ್ ಠಾಣೆಯಲ್ಲೇ ಉಳಿದವು. ಸಾಹೇಬರು ಬಂದ ಮೇಲೆ ಕೊಡುತ್ತೇವೆ ಎಂದರು. ಸಾಹೇಬರು ಜಾತ್ರೆ ಬಂದೋಬಸ್ತ್ ಮುಗಿಸಿ ಇನ್ಯಾವುದೋ ಸಮಾವೇಶದ ಬಂದೋಬಸ್ತಿಗೆ ಹೋದರು. ತಮ್ಮದೇ ಪಕ್ಷದ್ದು, ಆ ಮಾತು ಇರಲಿ.

ಸೇನೆಯಲ್ಲಿ ಐ-ಕಾರ್ಡ್ ಎಂದರೆ ಏನು ಅನ್ನುವುದು ತಮಗೆ ತಿಳಿದಿರುತ್ತದೆ. ರೈಫಲ್ ಬಿಟ್ಟರೆ ಅದೇ. ಅದು ಕಳೆದರೆ ವಿಚಾರಣೆ ಕೂರುತ್ತದೆ. ಅದೂ ರಜೆಯ ಸರ್ಟಿಫಿಕೇಟೂ ಇಲ್ಲದವನನ್ನು ದಾರಿಯಲ್ಲಿ ಸೈನಿಕರು ತಂಗುವ ಟ್ರಾನ್ಸಿಟ್ ಕ್ಯಾಂಪಿನ ಗೇಟಿನೊಳಗೆ ಬಿಡುವುದಿಲ್ಲ, ಅಲ್ಲಿಂದ ಮುಂದಿನ ಕಾನ್‌ವಾಯ್ ಹತ್ತಿಸುವುದಿಲ್ಲ. ಹುಡುಗನ ರೈಲು ಗಾಡಿ ರಿಸರ್ವೇಶನ್ ಆಗಿದ್ದ ದಿನ ಬಂತು, ಹೋಯಿತು. ನಾನು ಅವನ ಕಂಪನಿಯ ಹವಾಲ್ದಾರ್ ಮೇಜರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಳ್ಳೆಯವರು, ಮರಾಠಿ ಮನುಷ್ಯ. "ದಾದಾ, ಪೊಲೀಸರಿಂದ ಒಂದು ಕಾಗದ ತಂದುಬಿಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದರು. ಹತ್ತಿರದ ಮಿಲಿಟರಿ ಸ್ಟೇಷನ್‌ಗೆ ಹೋದರೆ ಅಲ್ಲಿಯೂ ಅದೇ ಮಾತು: ಠಾಣೆಯಿಂದ ಲಿಖಿತವಾಗಿ ಬರಲಿ. ಠಾಣೆಗೆ ಹೋದರೆ, ಬಂಧಿಸಿಯೇ ಇಲ್ಲವಲ್ಲ, ಏನಂತ ಬರೆದು ಕೊಡೋಣ? ಹಾಗಾದರೆ ಐ-ಕಾರ್ಡ್ ಕೊಡಿ ಅಂದರೆ, ಯಾವ ಐ-ಕಾರ್ಡ್?

ಕೊನೆಗೆ ಅದು ಬಂತು. ಬಸ್ ಸ್ಟ್ಯಾಂಡ್ ಎದುರಿನ ಚಹಾದ ಅಂಗಡಿಗೆ ಬಾ ಎಂದು ಹುಡುಗನ ಗೆಳೆಯನಿಗೆ ಫೋನ್ ಬಂತು. ಹೋಮ್ ಗಾರ್ಡ್ ಒಬ್ಬ ಮಡಚಿದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕೈಗಿಟ್ಟು, ಚಹಾದ ದುಡ್ಡು ನಮ್ಮಿಂದಲೇ ಕೊಡಿಸಿ ಹೋದ. ಬಿಚ್ಚಿದರೆ ಐ-ಕಾರ್ಡ್, ಮೊಬೈಲ್, ನಾಲ್ಕು ಮಡಿಕೆಯಾಗಿದ್ದ ರಜೆಯ ಸರ್ಟಿಫಿಕೇಟ್. ಆ ಸರ್ಟಿಫಿಕೇಟಿನ ಹಿಂದುಗಡೆ ಯಾರೋ ಪೆನ್ನಿನಲ್ಲಿ ಮಿರ್ಚಿ ಭಜಿಯ ಲೆಕ್ಕ ಬರೆದಿದ್ದರು. ಭಾರತ ಸರ್ಕಾರದ ಕಾಗದ, ಕಮಾಂಡಿಂಗ್ ಅಧಿಕಾರಿಯ ಸಹಿ ಇರುವ ಕಾಗದ. ಅದೊಂದನ್ನು ಮಾತ್ರ ನಾನು ಇನ್ನೂ ನುಂಗಿಕೊಳ್ಳಲು ಆಗಿಲ್ಲ ಸ್ವಾಮಿ. ಏಟುಗಳನ್ನು ನುಂಗಿಕೊಂಡಿದ್ದೇನೆ.

ಹುಡುಗ ಯೂನಿಟ್ ಮುಟ್ಟುವ ಹೊತ್ತಿಗೆ ರಜೆ ಮುಗಿದು ಕೆಲವು ದಿನ ಆಗಿದ್ದವು. ಸೇನೆಯ ಮಾತಿನಲ್ಲಿ ಇದು ಓ.ಎಸ್.ಎಲ್.: ಆರ್ಮಿ ಆಕ್ಟ್ ಸೆಕ್ಷನ್ 39, ಸಕಾರಣವಿಲ್ಲದೆ ರಜೆ ಮೀರಿ ಉಳಿಯುವುದು. ಸಕಾರಣ ಇದ್ದರೆ ಅಪರಾಧವೇ ಅಲ್ಲ, ಪೊಲೀಸರು ಹಿಡಿದಿಟ್ಟಿದ್ದರೆ ಅದಕ್ಕಿಂತ ಸಕಾರಣ ಇನ್ನೊಂದಿಲ್ಲ. ಆದ್ದರಿಂದ ಯೂನಿಟ್‌ನವರು ನ್ಯಾಯವಾಗಿಯೇ ನಡೆದರು. ಹುಡುಗ ಹೇಳಿದ್ದು ನಿಜವೇ ಎಂದು ಠಾಣೆಗೆ ಪತ್ರ ಬರೆದು ಕೇಳಿದರು. ಅಷ್ಟು ದಿನ ಒಂದು ಅಕ್ಷರ ಬರೆಯದಿದ್ದ ಠಾಣೆ ಈಗ ಬರೆಯಿತು. "ಸದರಿ ವ್ಯಕ್ತಿಯನ್ನು ಈ ಠಾಣೆಯಲ್ಲಿ ಬಂಧಿಸಿರುವುದಿಲ್ಲ ಹಾಗೂ ಆತನ ಯಾವುದೇ ವಸ್ತುಗಳನ್ನು ವಶಪಡಿಸಿಕೊಂಡಿರುವುದಿಲ್ಲ." ಸೀಲು, ಸಹಿ, ದಿನಾಂಕ, ಜಾವಕ ಸಂಖ್ಯೆ. ಎಷ್ಟು ಚೊಕ್ಕ.

ಟೋಪಿ, ಬೆಲ್ಟ್ ತೆಗೆಸಿ ಕಮಾಂಡಿಂಗ್ ಅಧಿಕಾರಿ (ಸಿ.ಓ.) ಮುಂದೆ ಮಾರ್ಚ್ ಮಾಡಿಸಿದರು. ಒಂದು ಕಡೆ ಸರ್ಕಾರಿ ಸೀಲಿನ ಕಾಗದ, ಇನ್ನೊಂದು ಕಡೆ ಮೂರು ವರ್ಷದ ಅಗ್ನಿವೀರನ ಬಾಯಿಮಾತು. ಸಿ.ಓ. ಸಾಹೇಬರ ಜಾಗದಲ್ಲಿ ನಾನಿದ್ದರೂ ಕಾಗದವನ್ನೇ ನಂಬುತ್ತಿದ್ದೆ. ಸೆಕ್ಷನ್ 80ರಲ್ಲಿ ಸಿ.ಓ.ಗೆ 28 ದಿನಗಳವರೆಗೆ ಮಿಲಿಟರಿ ಕಸ್ಟಡಿಯಲ್ಲಿ ಇಡುವ ಅಧಿಕಾರ ಇದೆ. ಅಷ್ಟು ಕೊಡಲಿಲ್ಲ, ಆದರೆ ಕೊಟ್ಟರು. ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ, ಅಂದರೆ ಶಿಕ್ಷೆಯ ಕೆಂಪು ಗುರುತು ಬಿತ್ತು.

ಸಾಮಾನ್ಯ ಸಿಪಾಯಿಗೆ ಒಂದು ರೆಡ್ ಇಂಕ್ ಎಂದರೆ ಒಂದೆರಡು ವರ್ಷ ತಲೆ ತಗ್ಗಿಸಿ ದುಡಿದರೆ ತೊಳೆದುಹೋಗುವ ಕಲೆ. ಅಗ್ನಿವೀರನಿಗೆ ಹಾಗಲ್ಲ. ನಾಲ್ಕು ವರ್ಷದ ಕೊನೆಗೆ ಕಾಯಂ ಆಗಿ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು. 2022ರಲ್ಲಿ ಯೋಜನೆ ಬಂದಾಗಿನಿಂದ ಪ್ರತಿ ಹುಡುಗನೂ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡೇ ರ‍್ಯಾಲಿಗೆ ಓಡುತ್ತಾನೆ. ಪಕ್ಕದಲ್ಲಿ ನಿಂತವರಲ್ಲಿ ಮೂವರು ಮನೆಗೆ ಹೋದರೆ ತಾನು ಉಳಿಯುತ್ತೇನೆ ಅಂತ. ರೆಡ್ ಇಂಕ್ ಇರುವ ಹುಡುಗ ಆ ನಾಲ್ವರಲ್ಲಿ ಯಾರಾಗುತ್ತಾನೆ ಅನ್ನುವುದಕ್ಕೆ ಜ್ಯೋತಿಷಿ ಬೇಕಾಗಿಲ್ಲ. ನೌಕರಿ ಹೋಗಬಾರದೆಂದು ಎಫ್‌ಐಆರ್ ಮಾಡದೆ ಬಿಟ್ಟೆವು ಎಂದರಲ್ಲ ರೈಟರ್, ಅವರ ಉಪಕಾರ ಹೀಗೆ ಮುಟ್ಟಿತು.

ಕಾನ್‌ಸ್ಟೆಬಲ್‌ಗೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಏನೂ ಆಗಬೇಕಾಗಿರಲಿಲ್ಲ ಕೂಡ, ಬೈಕ್ ಗಾಳಿ ಬಿಟ್ಟದ್ದಕ್ಕೆ ಮನುಷ್ಯನನ್ನು ನೇಣು ಹಾಕುವುದಿಲ್ಲ. ಆದರೆ ಸುಳ್ಳು ಕಾಗದಕ್ಕೆ ಸಹಿ ಹಾಕಿದವರಿಗೆ?

ಹೀಗೇಕೆ ಇರಬೇಕು? ನನ್ನ ನೌಕರಿಯ ಕಾಲದಲ್ಲಿ ಪಂಜಾಬಿನ ಒಂದು ಕಂಟೋನ್ಮೆಂಟಿನಲ್ಲಿ ನಮ್ಮ ಕಂಪನಿಯ ಸಿಪಾಯಿಯೊಬ್ಬ ಊರೊಳಗೆ ಸಿನಿಮಾ ನೋಡಲು ಹೋಗಿ ಪೊಲೀಸರ ಕೈಯಲ್ಲಿ ಸಿಕ್ಕಿಬಿದ್ದ. ಕುಡಿದಿದ್ದ, ಒಬ್ಬ ಹೆಡ್ ಕಾನ್‌ಸ್ಟೆಬಲ್‌ಗೆ ಹೊಡೆದಿದ್ದ. ರಾತ್ರಿ ಹನ್ನೊಂದಕ್ಕೆ ಪೊಲೀಸ್ ಜೀಪು ನಮ್ಮ ಗೇಟಿಗೆ ಬಂತು. ಒಳಗಿನಿಂದ ಇಳಿದದ್ದು ಅದೇ ಹೆಡ್ ಕಾನ್‌ಸ್ಟೆಬಲ್, ತುಟಿ ಊದಿತ್ತು. ಕೈಯಲ್ಲಿ ಒಂದು ಪತ್ರ, ಅದಕ್ಕೆ ಆಸ್ಪತ್ರೆಯ ಚೀಟಿ ಪಿನ್ ಮಾಡಿತ್ತು. ಸುಬೇದಾರ್ ಮೇಜರ್ ಸಾಹೇಬರು ಲುಂಗಿಯಲ್ಲೇ ಎದ್ದು ಬಂದು ಪತ್ರ ಓದಿ, ಪ್ರತಿಗೆ ಸಹಿ ಹಾಕಿ ಕೊಟ್ಟು, ಹೆಡ್ ಕಾನ್‌ಸ್ಟೆಬಲ್‌ಗೆ ಚಹಾ ಕುಡಿಸಿ ಕಳಿಸಿದರು. ಸಿಪಾಯಿಗೆ ಬೆಳಗ್ಗೆ ಚಾರ್ಜ್. ಪೂರಾ 28 ದಿನ. ಮುಂದೆ ಆ ಊರಲ್ಲಿ ನಮ್ಮ ಬಟಾಲಿಯನ್ ಇದ್ದಷ್ಟು ಕಾಲ ಪೊಲೀಸರ ಮೈ ಮುಟ್ಟಿದವನು ಇನ್ನೊಬ್ಬ ಬರಲಿಲ್ಲ. ಆ ಹೆಡ್ ಕಾನ್‌ಸ್ಟೆಬಲ್ ಬರೆದದ್ದು ಒಂದು ಪುಟವೂ ಇರಲಿಲ್ಲ.

ಯೂನಿಟ್‌ಗೆ ತಿಳಿಸಿ ಎಂದರೆ ಸೈನಿಕನನ್ನು ಬಿಡಿಸಿಕೊಳ್ಳುವ ಉಪಾಯ ಎಂದು ತಮ್ಮ ಅಧಿಕಾರಿಗಳು ತಿಳಿದಂತಿದೆ. ಸಿವಿಲ್ ಪೊಲೀಸರಿಗೆ ಹೊಡೆದ ಸಿಪಾಯಿ ಬೇಡಿಕೊಳ್ಳುವುದೇ ಯೂನಿಟ್‌ಗೆ ತಿಳಿಸಬೇಡಿ ಅಂತ! ಕಾನೂನಿನ ಲೆಕ್ಕ ತಮಗೆ ಗೊತ್ತೇ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 42 ಬಂಧನದಿಂದ ಕೊಡುವ ರಕ್ಷಣೆ ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕೆ ಮಾತ್ರ, ಜಾತ್ರೆಯಲ್ಲಿ ಲಾಠಿ ಹಿಡಿದವನಿಗಲ್ಲ. ಅವನನ್ನು ಬಂಧಿಸಬಹುದು, ಕೋರ್ಟಿಗೆ ಒಯ್ಯಬಹುದು. ಸೇನೆ ತಾನೇ ವಿಚಾರಣೆ ಮಾಡುತ್ತೇನೆ ಎಂದರೆ ಆರ್ಮಿ ಆಕ್ಟ್‌ನ 125 ಇದೆ, ಕೋರ್ಟಿಗೆ ಒಪ್ಪಿಗೆಯಾಗದಿದ್ದರೆ 126 ಇದೆ, ವಿಚಾರಣೆ ಯಾರದ್ದು ಎಂದು ತೀರ್ಮಾನಿಸಲು ಸಂಹಿತೆಯ 521 ಇದೆ, 1978ರ ನಿಯಮಗಳಿವೆ. ಎಲ್ಲವೂ ಇದೆ. ಇವೆಲ್ಲ ಶುರುವಾಗಬೇಕಾದರೆ ಮೊದಲು ಠಾಣೆಯಲ್ಲಿ ಯಾರಾದರೂ ಪೆನ್ನು ತೆಗೆಯಬೇಕು.

ತಮ್ಮ ರಾಜ್ಯದಲ್ಲೇ ಇದು ಮೊದಲ ಸಲವೂ ಅಲ್ಲ. 2020ರ ಏಪ್ರಿಲ್, ಲಾಕ್‌ಡೌನ್ ಕಾಲ. ಚಿಕ್ಕೋಡಿ ಕಡೆಯ ಯಕ್ಸಂಬಾದಲ್ಲಿ ರಜೆಯಲ್ಲಿದ್ದ ಸಿ.ಆರ್.ಪಿ.ಎಫ್. ಕೋಬ್ರಾ ಕಮಾಂಡೊ ಮನೆ ಮುಂದೆ ಮಾಸ್ಕ್ ಇಲ್ಲದೆ ಇದ್ದ ಎಂಬಲ್ಲಿಂದ ಶುರುವಾದ ಜಗಳ, ಸದಲಗಾ ಠಾಣೆಯಲ್ಲಿ ಅವನನ್ನು ಸರಪಳಿ ಹಾಕಿ ಬರಿಗಾಲಲ್ಲಿ ನೆಲದ ಮೇಲೆ ಕೂರಿಸಿದ ಫೋಟೊದಲ್ಲಿ ಮುಗಿಯಿತು. ಅವನು ಪೊಲೀಸರ ಮೇಲೆ ಕೈ ಮಾಡಿದ ಎಂದು ಪೊಲೀಸರು, ಅವರೇ ಮೊದಲು ಹೊಡೆದರು ಎಂದು ಮನೆಯವರು. ಯಾರದ್ದು ನಿಜವೋ ನಾನು ತೀರ್ಪು ಕೊಡುವುದಿಲ್ಲ. ಆದರೆ ಸಿ.ಆರ್.ಪಿ.ಎಫ್. ಆಗ ನಮ್ಮ ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ ಬರೆದ ಪತ್ರದ ಸಾರ ಇಷ್ಟೇ ಇತ್ತು: ಮೊದಲೇ ನಮಗೊಂದು ಮಾತು ತಿಳಿಸಿದ್ದರೆ ಇದು ಇಲ್ಲಿಗೆ ಬರುತ್ತಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ಕಮಾಂಡೊಗೆ ಜಾಮೀನು ಸಿಕ್ಕಿತು, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಿ.ಆರ್.ಪಿ.ಎಫ್. ಸೇನೆ ಕೂಡ ಅಲ್ಲ, ದೆಹಲಿಯ ಗೃಹ ಇಲಾಖೆಯದ್ದೇ ಪಡೆ. ಒಂದು ಗೃಹ ಇಲಾಖೆ ಇನ್ನೊಂದು ಗೃಹ ಇಲಾಖೆಗೆ ಫೋನ್ ಮಾಡಲಿಲ್ಲ. ಅಂದೇ ಒಂದು ಪುಟದ ಸುತ್ತೋಲೆ ಎಲ್ಲ ಠಾಣೆಗಳ ಗೋಡೆಗೂ ಅಂಟಿದ್ದಿದ್ದರೆ ನಮ್ಮ ರೈಟರ್ ಸಾಹೇಬರು ನನ್ನ ಮುಖ ನೋಡಿ ನಗುತ್ತಿರಲಿಲ್ಲ.

ಬೇರೆ ರಾಜ್ಯಗಳ ಕಡೆ ನೋಡಿದರೂ ಇದೇ. ಭುವನೇಶ್ವರದಲ್ಲಿ 2024ರ ಸೆಪ್ಟೆಂಬರ್ 15ರ ನಸುಕಿನಲ್ಲಿ ಸೇನೆಯ ಅಧಿಕಾರಿಯೊಬ್ಬರು ತಮ್ಮನ್ನು ಮದುವೆಯಾಗಬೇಕಿದ್ದ ಹೆಣ್ಣುಮಗಳ ಜತೆ ಭರತ್‌ಪುರ ಠಾಣೆಗೆ ಹೋದದ್ದು ದೂರು ಕೊಡುವುದಕ್ಕೆ. ರಸ್ತೆಯಲ್ಲಿ ಪುಂಡರು ಅಡ್ಡಗಟ್ಟಿದ್ದರು ಅಂತ. ದೂರು ಕೊಡಲು ಹೋದವರೇ ಒಳಗೆ ಬಿದ್ದರು, ಆ ಹೆಣ್ಣುಮಗಳ ಮೇಲೆ ಠಾಣೆಯೊಳಗೆ ನಡೆಯಿತು ಎನ್ನಲಾದ ಹಲ್ಲೆಯ ವಿವರ ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ಐವರು ಪೊಲೀಸರು ಅಮಾನತು, ನ್ಯಾಯಾಂಗ ಆಯೋಗ. ಆ ಠಾಣೆಯಲ್ಲಿ ಸಿಸಿಟಿವಿ ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಗೂ ಕ್ಯಾಮೆರಾ ಹಾಕಿಸಿ, ದೃಶ್ಯಗಳನ್ನು ತಿಂಗಳುಗಟ್ಟಲೆ ಉಳಿಸಿಡಿ ಎಂದು ಹೇಳಿಯಾಗಿತ್ತು. ನಮ್ಮ ಠಾಣೆಯಲ್ಲಿ ಕ್ಯಾಮೆರಾ ಇದೆ. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಆ ರಾತ್ರಿ ಅದು ದುರಸ್ತಿಯಲ್ಲಿತ್ತಂತೆ. ಜಾತ್ರೆಯ ರಾತ್ರಿ! ಎಲ್ಲಿಂದಲೋ ಮೆಕ್ಯಾನಿಕ್ ಬಂದಿರಬೇಕು ಪಾಪ, ತೇರು ನೋಡುವುದು ಬಿಟ್ಟು.

ಪಟಿಯಾಲದಲ್ಲಿ 2025ರ ಮಾರ್ಚ್‌ನಲ್ಲಿ ಢಾಬಾ ಮುಂದೆ ಕಾರು ನಿಲ್ಲಿಸುವ ವಿಷಯಕ್ಕೆ ಕರ್ನಲ್ ಒಬ್ಬರಿಗೂ ಅವರ ಮಗನಿಗೂ ಪೊಲೀಸರು ಹೊಡೆದರು ಎಂಬ ಪ್ರಕರಣ. ಅವರ ಹೇಳಿಕೆಯ ಮೇಲೆ ಎಫ್‌ಐಆರ್ ಆಗಲು ವಾರ ಹಿಡಿಯಿತು, ಹೈಕೋರ್ಟ್ ತನಿಖೆಯನ್ನು ಮೊದಲು ಚಂಡೀಗಢ ಪೊಲೀಸರಿಗೆ, ಆಮೇಲೆ ಸಿಬಿಐಗೆ ಕೊಟ್ಟಿತು. ಕರ್ನಲ್ ಆದದ್ದಕ್ಕೆ ಸಿಬಿಐ. ಅಗ್ನಿವೀರನಿಗೆ ಯಾವ ಸಿಬಿಐ ಬರುತ್ತದೆ? ಅವನಿಗಾಗಿ ಇರುವವನು ನಾನು, ಮತ್ತು ಈ ಪತ್ರ.

ನಮ್ಮವರ ಕಡೆಯದ್ದನ್ನೂ ಹೇಳದಿದ್ದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. 2008ರ ಹೊಸ ವರ್ಷದ ರಾತ್ರಿ ಕೋಲ್ಕತ್ತದಲ್ಲಿ ಮಹಿಳೆಯ ಜತೆ ಅನುಚಿತವಾಗಿ ನಡೆದುಕೊಂಡ ಆರೋಪದ ಮೇಲೆ ಇಬ್ಬರು ಸೇನಾಧಿಕಾರಿಗಳನ್ನು ಪೊಲೀಸರು ಹಿಡಿದರೆ, ಜತೆಯವರು ಪಾರ್ಕ್ ಸ್ಟ್ರೀಟ್ ಠಾಣೆಗೇ ನುಗ್ಗಿ ಅವರನ್ನು ಬಿಡಿಸಿಕೊಂಡು ಹೋದರು. 2017ರ ಜುಲೈನಲ್ಲಿ ಕಾಶ್ಮೀರದ ಗುಂಡ್ ಠಾಣೆಯಲ್ಲಿ ನಮ್ಮ ಸೈನಿಕರು ಪೊಲೀಸರಿಗೆ ಹೊಡೆದರು. 2024ರ ಮೇ ಕೊನೆಯಲ್ಲಿ ಕುಪ್ವಾರಾ ಠಾಣೆ. ಟೆರಿಟೋರಿಯಲ್ ಆರ್ಮಿಯ ಒಬ್ಬನ ಮನೆಯನ್ನು ಪೊಲೀಸರು ಶೋಧಿಸಿದ್ದಕ್ಕೆ ರಾತ್ರಿ ಹಿಂಡುಗಟ್ಟಿ ಬಂದು ನುಗ್ಗಿದರು ಎಂದು 16 ಮಂದಿಯ ಮೇಲೆ ಎಫ್‌ಐಆರ್, ಅದರಲ್ಲಿ ಮೂವರು ಲೆಫ್ಟಿನೆಂಟ್ ಕರ್ನಲ್‌ಗಳು. ಕೊಲೆ ಯತ್ನದ ಸೆಕ್ಷನ್. ಸೇನೆಯ ವಕ್ತಾರರು ಏನೆಂದರು? ಸಣ್ಣಪುಟ್ಟ ಭಿನ್ನಾಭಿಪ್ರಾಯ, ಸೌಹಾರ್ದವಾಗಿ ಬಗೆಹರಿದಿದೆ. ಪೊಲೀಸರು ಆಸ್ಪತ್ರೆಯಲ್ಲಿ ಮಲಗಿದ್ದರು, ಇವರಿಗೆ ಸೌಹಾರ್ದ! ಅದನ್ನು ಓದಿದ ದಿನ ನನ್ನ ಹಳೆಯ ರೆಜಿಮೆಂಟಿನ ಟೈ ಕಟ್ಟಿಕೊಳ್ಳಲು ನಾಚಿಕೆಯಾಯಿತು. ಶಿಸ್ತು ಎಂಬ ಮಾತನ್ನು ನಮ್ಮ ಬಾಯಲ್ಲಿ ಹೇಳಿಕೊಂಡು ತಿರುಗುವ ನಾವು ಠಾಣೆಯ ಬಾಗಿಲು ಒದ್ದರೆ ಕಾನ್‌ಸ್ಟೆಬಲ್‌ಗಳು ನಮ್ಮನ್ನು ಕಂಡರೆ ಉರಿದುಬೀಳುವುದು ತಪ್ಪೇನಲ್ಲ. ರಕ್ಷಣಾ ಸಚಿವರಿಗೆ ಅದರ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ, ಅವರೂ ಉತ್ತರ ಕೊಡುವುದಿಲ್ಲ.

ಆದರೆ ಗಮನಿಸಿ ಸ್ವಾಮಿ. ಈ ಎಲ್ಲ ಕಡೆಯೂ ರೋಗ ಒಂದೇ. ಇವರು ಹೊಡೆದರೂ ಅವರು ಹೊಡೆದರೂ ಕೊನೆಗೆ ದೊಡ್ಡವರು ಕೂತು ರಾಜಿ ಮಾಡುತ್ತಾರೆ, ಕಾಗದ ಮಾಯವಾಗುತ್ತದೆ. ಕುಪ್ವಾರಾದಲ್ಲಿ ಹೊಡೆಸಿಕೊಂಡ ಕಾನ್‌ಸ್ಟೆಬಲ್‌ಗೂ ನಮ್ಮೂರಲ್ಲಿ ಹೊಡೆಸಿಕೊಂಡ ಅಗ್ನಿವೀರನಿಗೂ ಬೇಕಾಗಿದ್ದದ್ದು ಒಂದೇ, ನಡೆದದ್ದು ನಡೆಯಿತು ಎಂದು ಯಾರಾದರೂ ಬರೆಯಬೇಕಿತ್ತು. ನಮ್ಮ ಠಾಣೆಯವರು ಹುಡುಗನ ಮೇಲೆ 132 ಹಾಕಿ, ಮೆಮೊ ಮಾಡಿ, ಯೂನಿಟ್‌ಗೆ ತಿಳಿಸಿದ್ದರೆ ಆ ಕಾನ್‌ಸ್ಟೆಬಲ್‌ಗೂ ನ್ಯಾಯ ಸಿಗುತ್ತಿತ್ತು. ಅವರ ಟೋಪಿ ಬೀಳಿಸಿದವನು ಬೆಲ್ಟ್ ಬಿಚ್ಚಿ ಸಿ.ಓ. ಮುಂದೆ ಅದೇ ಕಾರಣಕ್ಕೆ ನಿಲ್ಲುತ್ತಿದ್ದ. ಈಗ ಅವರ ಟೋಪಿಯ ವಿಷಯ ಯಾವ ದಾಖಲೆಯಲ್ಲೂ ಇಲ್ಲ. ತಮ್ಮದೇ ಸಿಬ್ಬಂದಿಗೆ ಆದ ಅವಮಾನವನ್ನು ತಮ್ಮದೇ ಠಾಣೆ ಅಳಿಸಿ ಹಾಕಿತು, ಒಂದು ರಾತ್ರಿಯ ಏಟನ್ನು ಮುಚ್ಚಿಕೊಳ್ಳಲು.

ಒಡಿಶಾದಲ್ಲಿ ಆ ಗಲಾಟೆಯಾದ ಮೇಲೆ ಸೇನೆಯವರು ಠಾಣೆಗೆ ಬಂದರೆ ಹೇಗೆ ನಡೆದುಕೊಳ್ಳಬೇಕು ಎಂದು ಸರ್ಕಾರ ಕಾರ್ಯವಿಧಾನ ಹೊರಡಿಸಿತು. ನಮ್ಮಲ್ಲಿ ಯಾರಿಗೆ ಏನಾಗುವವರೆಗೆ ಕಾಯಬೇಕು? ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ. ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ಪ್ಯಾರಾ ರೆಜಿಮೆಂಟಿನ ತರಬೇತಿ ಕೇಂದ್ರ ಇದೆ, ಸೇನೆಯೊಳಗೆ ಪೊಲೀಸ್ ಕೆಲಸ ಮಾಡುವ ಮಿಲಿಟರಿ ಪೊಲೀಸರ ತರಬೇತಿ ಕೇಂದ್ರವೂ ತಮ್ಮ ವಿಧಾನಸೌಧ ಇರುವ ಊರಲ್ಲೇ ಇದೆ. ಕೊಡಗಿನಿಂದ ಬೆಳಗಾವಿಯವರೆಗೆ ಮನೆಗೊಬ್ಬ ಫೌಜಿ ಇರುವ ಹಳ್ಳಿಗಳಿವೆ. ಪ್ರತಿ ಜಾತ್ರೆಗೂ ಪ್ರತಿ ಹಬ್ಬಕ್ಕೂ ಈ ಹುಡುಗರು ಬರುತ್ತಾರೆ, ಕೆಲವರು ಸೊಕ್ಕಿನಿಂದಲೇ ಬರುತ್ತಾರೆ, ಪೊಲೀಸರ ಜತೆ ಮಾತು ಬೆಳೆಯುತ್ತದೆ. ಅದನ್ನು ತಪ್ಪಿಸಲು ತಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಬೆಳೆದ ಮೇಲೆ ಬರೆಯುವಂತೆ ಮಾಡುವುದು ತಮ್ಮಿಂದ ಆಗುತ್ತದೆ.

ಜಿಲ್ಲೆಯ ದೊಡ್ಡ ಸಾಹೇಬರಿಗೆ ಕೊಟ್ಟ ಅರ್ಜಿ ಸುತ್ತಾಡಿ ಅದೇ ಠಾಣೆಗೆ "ಸೂಕ್ತ ಕ್ರಮಕ್ಕಾಗಿ" ಬಂದು ಬಿತ್ತು. ಯಾರ ಮೇಲೆ ದೂರು ಕೊಟ್ಟಿದ್ದೆನೋ ಅವರೇ ನನಗೆ ಫೋನ್ ಮಾಡಿ, "ಕಾಕಾ, ಇದನ್ನ ಕ್ಲೋಸ್ ಮಾಡೂಣೇನು?" ಎಂದು ಕೇಳಿದರು. ಕೇಳಿದ ರೀತಿ ಮರ್ಯಾದೆಯದೇ. ಸೈನಿಕ ಕಲ್ಯಾಣ ಇಲಾಖೆಯಲ್ಲಿ ಸ್ವೀಕೃತಿ ಕೊಟ್ಟರು, ಅದೊಂದೇ ನನ್ನ ಕೈಗೆ ಬಂದ ಕಾಗದ. ಡಿಸೆಂಬರ್ 7ಕ್ಕೆ ಧ್ವಜ ದಿನದ ಚೀಟಿ ಹಿಡಿದು ನಾವು ಮಾಜಿ ಸೈನಿಕರು ಅದೇ ಠಾಣೆಗೆ ಹೋದೆವು. ರೈಟರ್ ಸಾಹೇಬರು ಎದೆಗೆ ಚೀಟಿ ಚುಚ್ಚಿಸಿಕೊಂಡು ಫೋಟೊ ತೆಗೆಸಿಕೊಂಡರು. ನಾನೇ ಚುಚ್ಚಿದೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಸುತ್ತೋಲೆ ಹೊರಡಿಸಿ. ಅದರಲ್ಲಿ ಸೈನಿಕನಿಗೆ ಕುರ್ಚಿ ಕೊಡಿ, ಚಹಾ ಕೊಡಿ ಎಂದೆಲ್ಲ ಬರೆಯಬೇಡಿ, ಯಾರಿಗೂ ವಿಶೇಷ ಮರ್ಯಾದೆ ಬೇಡ. ಡೈರಿಯಲ್ಲಿ ಎಂಟ್ರಿ, ವೈದ್ಯರ ಚೀಟಿ, ಯೂನಿಟ್‌ಗೂ ಮಿಲಿಟರಿ ಸ್ಟೇಷನ್‌ಗೂ ಅದೇ ಹೊತ್ತಿನಲ್ಲಿ ಪತ್ರ, ಐ-ಕಾರ್ಡ್ ತೆಗೆದುಕೊಂಡರೆ ರಶೀದಿ. ಕೇಸು ಹಾಕುವಂಥದ್ದಾದರೆ ಕೇಸು ಹಾಕಿ. ಇಷ್ಟನ್ನು ಮಾಡದ ಠಾಣಾಧಿಕಾರಿ ಜವಾಬು ಕೊಡಬೇಕು, ಬರೀ ವರ್ಗಾವಣೆಯಲ್ಲಿ ಮುಗಿಯಬಾರದು. ಕಮಾಂಡೊ ಪ್ರಕರಣದಲ್ಲೇ ಹೊರಡಬೇಕಾಗಿದ್ದ ಸುತ್ತೋಲೆ ಇದು. ತಮ್ಮ ಹಿಂದಿನವರು ಹೊರಡಿಸಿದ್ದರೆ, ಅದು ಎಲ್ಲಿದೆ ಎಂದು ಹುಡುಕಿಸಿ ಠಾಣೆಗಳಿಗೆ ಇನ್ನೊಮ್ಮೆ ಕಳಿಸಿ, ನಮ್ಮ ಠಾಣೆಗೆ ಎರಡು ಪ್ರತಿ.

ಇನ್ನೊಂದು, ಇದು ನನ್ನ ಸ್ವಂತದ್ದು. ನಮ್ಮ ಹುಡುಗನ ನಾಲ್ಕನೇ ವರ್ಷ ಮುಗಿದು ಯಾರು ಉಳಿಯಬೇಕು ಎಂಬ ಪಟ್ಟಿ ಆಗುವ ಮೊದಲು, ಆ ಠಾಣೆಯ ಸುಳ್ಳು ಪತ್ರವನ್ನು ಹಿಂಪಡೆದು ನಿಜವಾದ ಪತ್ರವನ್ನು ಅವನ ಯೂನಿಟ್‌ಗೆ ಕಳಿಸಿಕೊಡಿ. ಲಾಠಿ ಹಿಡಿದದ್ದನ್ನೂ ಅದರಲ್ಲಿ ಬರೆಯಿರಿ, ಟೋಪಿ ಬಿದ್ದದ್ದನ್ನೂ ಬರೆಯಿರಿ. ರಾತ್ರಿ ಎಲ್ಲಿ ಇಟ್ಟಿದ್ದಿರಿ, ಐ-ಕಾರ್ಡ್ ಯಾವ ದಿನ ತೆಗೆದುಕೊಂಡು ಯಾವ ದಿನ ಕೊಟ್ಟಿರಿ ಅನ್ನುವುದನ್ನೂ ಬರೆಯಿರಿ. ಅದನ್ನು ನೋಡಿ ಸಿ.ಓ. ಸಾಹೇಬರು ಇನ್ನೊಂದು ಶಿಕ್ಷೆ ಕೊಟ್ಟರೆ ಹುಡುಗ ಅನುಭವಿಸುತ್ತಾನೆ, ಅವನ ಕಡೆಯಿಂದ ನಾನು ಒಪ್ಪಿ ಬರೆದುಕೊಡುತ್ತೇನೆ. ಆ ಪತ್ರದ ಒಂದು ಪ್ರತಿ ನನಗೂ ಬೇಕು. ಅದಕ್ಕೆ ಜಾವಕ ಸಂಖ್ಯೆ ಇರಲಿ, ಸೀಲ್ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್,
ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ